ಸುಟ್ಟ ಚಿಪ್ಪು ಮತ್ತು ಹಂಡೆಯ ನೀರು

ಸುಣ್ಣದ ಭಟ್ಟಿಯಿಂದ ತಂದ ದೊಡ್ಡದೊಂದು ಸುಟ್ಟ ಚಿಪ್ಪನ್ನು ದುಗ್ಗಕ್ಕ ಕಲ್ಲಿನ ಮೇಲಿಟ್ಟು, ಹೆದರುತ್ತಲೇ ಒಂದು ಬೊಗಸೆ ನೀರು ಚಿಮುಕಿಸಿದಳು. ನೀರು ಚುರ್ರೆಂದು ಕುದಿದು, "ಅಯ್ಯೋ, ಇದು ಬರೀ ಸಿಟ್ಟಿನ ಮುದ್ದೆ!" ಎನ್ನುತ್ತ ಆವಿಯಾಗಿ ಓಡಿಹೋಯಿತು.

ಚಿಪ್ಪು ನಾಚಿಕೊಂಡು ಹೇಳಿತು: "ಸಿಟ್ಟಲ್ಲ. ಭಟ್ಟಿಯಲ್ಲಿ ಬೆಂದಾಗ ನುಂಗಿಕೊಂಡ ಬೆಂಕಿ. ನೀರು ಮುಟ್ಟಿದರೆ ತಡೆಯಲಾಗದೆ ಹೊರಗೆ ಬರುತ್ತದೆ. ಯಾರೂ ನನ್ನ ಹತ್ತಿರ ಬರಬೇಡಿ."

ಪಕ್ಕದ ಹಂಡೆಯಲ್ಲಿದ್ದ ನೀರು, ಸುಣ್ಣ ಕಲಸುವ ಮುದಿ ಕೋಲನ್ನು ಕೇಳಿತು: "ಅಜ್ಜಾ, ಇದರೊಳಗೆ ಇನ್ನೆಷ್ಟು ಬೆಂಕಿ ಉಳಿದಿದೆ?"

"ಒಂದು ಚೊಂಬು ನೀರನ್ನು ಕುದಿಸುವಷ್ಟು," ಎಂದಿತು ಕೋಲು.

"ನಾನು ಇಪ್ಪತ್ತು ಚೊಂಬು ಇದ್ದೇನೆ. ಹಂಚಿಕೊಂಡರೆ ಚೊಂಬಿಗೆ ಇಪ್ಪತ್ತರಲ್ಲಿ ಒಂದು ಪಾಲು. ಅಷ್ಟನ್ನು ತಾಳಬಲ್ಲೆ. ದುಗ್ಗಕ್ಕಾ, ಅದನ್ನು ನನ್ನೊಳಗೆ ಬಿಡು."

ದುಗ್ಗಕ್ಕ ಇಕ್ಕಳದಿಂದ ಚಿಪ್ಪನ್ನೆತ್ತಿ ಹಂಡೆಯೊಳಗೆ ಇಳಿಸಿದಳು. ಚಿಪ್ಪು ನಡುಗಿತು, ಬಿರಿಯಿತು, ಇದ್ದಬದ್ದ ಬೆಂಕಿಯನ್ನೆಲ್ಲ ಬಿಟ್ಟುಕೊಟ್ಟು ಬೆಳ್ಳಗೆ ಅರಳಿತು.

"ಸುಟ್ಟುಬಿಟ್ಟೆನೇ?" ಎಂದು ಅಳುಕುತ್ತ ಕೇಳಿತು.

"ಇಲ್ಲ ಕಂದಾ," ಎಂದಿತು ನೀರು. "ಬೆಳಗಿನಿಂದ ನನಗೂ ಚಳಿಯಾಗುತ್ತಿತ್ತು. ಈಗ ಹಿತವಾಗಿದೆ."