ಗಾಳಿಗೆ ಹಾರದ ಲಂಗ

ಹತ್ತಿರ ಬಂದು ಕೂತುಕೊಳ್ಳಿ ಮಕ್ಕಳೇ. ರಾಜರೂ ಇದ್ದರು, ಕರೆಂಟೂ ಇತ್ತು, ಅಂಥ ಒಂದು ರಾಜ್ಯ. ಅದರ ಹೆಸರು ಹುಲ್ಲುಗುಡ್ಡ. ಗುಡ್ಡದ ನೆತ್ತಿಯಲ್ಲಿ ಅರಮನೆ, ಬುಡದಲ್ಲಿ ಕರೆಂಟಿನ ಮನೆ, ನಡುವೆ ಆಳೆತ್ತರದ ಹುಲ್ಲು. ಆ ಹುಲ್ಲಿನ ಮಧ್ಯೆ ಕರಡಹಟ್ಟಿ ಎಂಬ ಸಣ್ಣ ಹಟ್ಟಿ. ಅಲ್ಲಿ ಮನೆಗಳ ಸೂರೂ ಹುಲ್ಲಿನದೇ. ಅರಮನೆಗೆ ಹೋಗುವ ತಂತಿ ಆ ಸೂರುಗಳ ಮೇಲೆಯೇ ಹಾದುಹೋಗುತ್ತಿತ್ತು.

ಕರೆಂಟಿನ ಮನೆಯಲ್ಲಿ ಒಂದು ದೊಡ್ಡ ಹಿಡಿ. ಮೇಲಕ್ಕೆತ್ತಿದರೆ ರಾಜ್ಯಕ್ಕೆಲ್ಲ ಕರೆಂಟು, ಕೆಳಕ್ಕೆಳೆದರೆ ಇಲ್ಲ. ಅದನ್ನು ಕಾಯುವವಳು ಸಾವಂತ್ರವ್ವ. ಗಿಡ್ಡ ಹೆಂಗಸು, ಉದ್ದ ನಾಲಿಗೆ.

ಬೇಸಿಗೆಯಲ್ಲಿ ಆ ಹುಲ್ಲು ಹಪ್ಪಳದ ಹಾಗೆ ಒಣಗುತ್ತಿತ್ತು. ಜೋರು ಗಾಳಿ ಬಂದರೆ ತಂತಿಗಳು ಜೋಕಾಲಿ ಆಡುತ್ತಿದ್ದವು. ತಂತಿಗೆ ತಂತಿ ತಾಗಿದರೆ ಕಿಡಿ. ಕಿಡಿ ಹುಲ್ಲಿಗೆ ಬಿದ್ದರೆ ಏನಾಗುತ್ತದೆ ಎಂಬುದನ್ನು ಹಟ್ಟಿಯವರು ಒಮ್ಮೆ ನೋಡಿದ್ದರು. ಅವತ್ತು ಸಾವಂತ್ರವ್ವನ ಮಗಳು ಪುಟ್ಟನಿಂಗಿ ಮನೆಯೊಳಗೆ ಮಲಗಿದ್ದಳು. ಹಳ್ಳದ ಬಂಡೆಯ ಮೇಲೆ ಒಣಹಾಕಿದ್ದ ಅವಳ ಹಸಿರು ಲಂಗವೊಂದೇ ಉಳಿಯಿತು.

ಆ ಲಂಗವನ್ನು ಸಾವಂತ್ರವ್ವ ಉದ್ದನೆಯ ಬಿದಿರಿನ ತುದಿಗೆ ಕಟ್ಟಿ, ಕರೆಂಟಿನ ಮನೆಯ ಮುಂದೆ ನಿಲ್ಲಿಸಿದಳು. ಅಂದಿನಿಂದ ಅದೇ ಪದ್ಧತಿಯಾಯಿತು. ಲಂಗ ಎದ್ದು ಅಡ್ಡಡ್ಡ ಹಾರಿತೋ, ಕರೆಂಟು ತೆಗೆಯುವುದು. ಹಾಗೆಂದು ಹೇಳದೆ ಕೇಳದೆ ತೆಗೆಯುತ್ತಿರಲಿಲ್ಲ. ತಮಟೆ ಬಾರಿಸುವಳು. ಮೊದಲ ಸಲ ಬಾರಿಸಿದರೆ, ನೀರು ತುಂಬಿಕೊಳ್ಳಿ. ಎರಡನೆಯ ಸಲ, ಗಿರಣಿಯ ಹಿಟ್ಟು ಮುಗಿಸಿಕೊಳ್ಳಿ. ಮೂರನೆಯ ಸಲ, ಹಿಡಿ ಕೆಳಗೆ! ಗಾಳಿ ನಿಂತ ಕೂಡಲೇ ಕರೆಂಟು ಕೊಡುತ್ತಲೂ ಇರಲಿಲ್ಲ. ಕಂಬದಿಂದ ಕಂಬಕ್ಕೆ ನಡೆದು, ಎಲ್ಲಾದರೂ ಕೊಂಬೆ ಬಿದ್ದಿದೆಯೇ, ತಂತಿ ಹರಿದಿದೆಯೇ ಎಂದು ನೋಡಿಯೇ ಹಿಡಿ ಎತ್ತುವಳು.

"ಅವ್ವಾ, ನನ್ನ ಹಿಟ್ಟು ಅರ್ಧಕ್ಕೇ ನಿಂತಿತಲ್ಲ!" ಎಂದು ಗಿರಣಿಯಿಂದ ಯಾರಾದರೂ ಕೂಗುವರು.

"ಅರ್ಧ ಹಿಟ್ಟಿಗೆ ಅಂಬಲಿ ಕಾಯಿಸು ತಾಯಿ. ಮನೆ ಇದ್ದರೆ ನಾಳೆ ರೊಟ್ಟಿ ತಟ್ಟಬಹುದು."

ಜನ ಗೊಣಗಿದರೂ ಸುಮ್ಮನಾಗುತ್ತಿದ್ದರು. ಸುಮ್ಮನಾಗದವನು ಒಬ್ಬನೇ. ಅವನು ರಾಜನ ಮೈದುನ ಭೋಗರಾಜ. ಫ್ಯಾನಿನ ಕೆಳಗೆ ಉಣ್ಣುವುದು, ಫ್ಯಾನಿನ ಕೆಳಗೆ ಮಲಗುವುದು, ಎದ್ದು ಫ್ಯಾನನ್ನು ನೋಡುವುದು, ಇದೇ ಅವನ ಕೆಲಸ.

ಆ ಬೇಸಿಗೆಯ ಮೊದಲ ಗಾಳಿ ಬಂತು. ಲಂಗ ಹಾರಿತು. ಫ್ಯಾನು ನಿಂತಿತು. ಭೋಗರಾಜ ಬೆವರು ಒರೆಸುತ್ತ ಗುಡ್ಡ ಇಳಿದು ಬಂದ.

"ಏನೇ ಸಾವಂತ್ರಿ, ನನ್ನನ್ನು ಬೇಯಿಸಿ ಸಾಯಿಸುತ್ತೀಯಾ?"

"ಹೊರಗೆ ಇಷ್ಟು ಗಾಳಿ ಇದೆಯಲ್ಲ ಧಣಿ, ಕಿಟಕಿ ತೆಗೀರಿ."

"ಅದು ಊರಿಗೆಲ್ಲ ಬೀಸೋ ಗಾಳಿ ಕಣೇ! ನನಗೊಬ್ಬನಿಗೇ ಬೀಸೋ ಗಾಳಿ ಬೇಕು."

ಎರಡನೆಯ ಗಾಳಿ ಬಂತು. ಲಂಗ ಹಾರಿತು. ಫ್ಯಾನು ನಿಂತಿತು. ಭೋಗರಾಜ ಈ ಸಲ ಕೆಳಗೆ ಇಳಿಯಲಿಲ್ಲ, ನೇರವಾಗಿ ರಾಜನ ಊಟದ ಎಲೆಯ ಮುಂದೆ ಹೋಗಿ ಕೂತ.

"ಭಾವ, ರಾಜ್ಯ ಆಳುವವರು ನೀವೋ, ಆ ಹೆಂಗಸೋ? ಮನಸ್ಸಿಗೆ ಬಂದಾಗ ಕರೆಂಟು ತೆಗೀತಾಳೆ."

ಊಟದ ಹೊತ್ತಿನಲ್ಲಿ ಜಗಳ ರಾಜನಿಗೆ ಆಗದು. ಸಾರು ಆರುವುದರೊಳಗೆ ಅಪ್ಪಣೆ ಕೊಟ್ಟುಬಿಟ್ಟ. "ಲಂಗ ಹಾರಿದರೆ ಮಾತ್ರ ಕರೆಂಟು ತೆಗೆಯಬೇಕು. ಹಾರದೆ ತೆಗೆದರೆ, ಕರೆಂಟಿನ ಮನೆಯ ಕೀಲಿಕೈ ನಿನಗೆ. ಈಗ ಉಣ್ಣಲು ಬಿಡು."

ಮರುದಿನ ಬೆಳಿಗ್ಗೆಯೇ ಅಪ್ಪಣೆ ಸಾವಂತ್ರವ್ವನ ಕಿವಿಗೂ ಮುಟ್ಟಿತು. ಅವಳು ಕಂಬ ನೋಡಲು ಹೋದ ಹೊತ್ತಿನಲ್ಲಿ ಭೋಗರಾಜ ಬಂದ. ಬಿದಿರು ಇಳಿಸಿದ. ಲಂಗದ ಅಂಚಿನೊಳಗೆ ಹಳ್ಳದ ನುಣುಪುಗಲ್ಲು ತುಂಬಿ, ಒಂದೊಂದೇ ಹೊಲಿಗೆ ಹಾಕಿ, ಮತ್ತೆ ನಿಲ್ಲಿಸಿ ಹೋದ. ಹುಟ್ಟಿದಾಗಿನಿಂದ ಅವನು ಕೈಯಾರೆ ಮಾಡಿದ ಕೆಲಸ ಅದೊಂದೇ.

ಮೂರನೆಯ ಗಾಳಿ ಬಂತು. ಅಬ್ಬಬ್ಬಾ, ಅದೆಂಥ ಗಾಳಿ! ಆಡುಗಳ ಕಿವಿ ಮಗುಚಿಕೊಂಡವು. ಮುಂದಕ್ಕೆ ಹೊರಟ ಕೋಳಿ ಹಿಂದಕ್ಕೆ ಹೋಯಿತು. ಸಾವಂತ್ರವ್ವನ ಸೆರಗು ಅವಳ ಮುಖಕ್ಕೇ ಬಡಿಯಿತು. ಸೆರಗು ಸರಿಸಿ ತಲೆ ಎತ್ತಿದಳು. ಲಂಗ ಬೈಸಿಕೊಂಡ ಮಗುವಿನ ಹಾಗೆ ಜೋತುಬಿದ್ದಿತ್ತು.

ಇದೇನೋ ಮೋಸ ಎಂದು ಅವಳಿಗೆ ಆಗಲೇ ತಿಳಿಯಿತು. ಹಿಡಿ ಎಳೆದರೆ ಕೀಲಿಕೈ ಭೋಗರಾಜನಿಗೆ. ಅವನ ಕೈಗೆ ಹೋದರೆ ಎಂಥ ಬಿರುಗಾಳಿ ಬೀಸಿದರೂ ಕರೆಂಟು ನಿಲ್ಲದು. ಎಳೆಯದಿದ್ದರೆ, ಇವತ್ತೇ ಹಟ್ಟಿ ಹೋಗುತ್ತದೆ. ಮೇಲೆ ನೋಡಿದಳು. ಹಟ್ಟಿಯ ಬೇವಿನ ಕೊಂಬೆಗೆ ಯಾರೋ ತೊಟ್ಟಿಲು ಕಟ್ಟಿದ್ದರು. ತಂತಿಗಳು ಆಗಲೇ ಜೋಕಾಲಿ ಶುರುಮಾಡಿದ್ದವು.

ತಮಟೆ ಮೂರು ಸಲ ಬಾರಿಸಿದಳು. ಹಿಡಿ ಕೆಳಗೆ ಎಳೆದಳು.

ಸ್ವಲ್ಪ ಹೊತ್ತಿಗೆ ಭೋಗರಾಜ ಕುಣಿಯುತ್ತ ಬಂದ. ಹಿಂದೆಯೇ ರಾಜ, ಕಿರೀಟ ಹಾರದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡು.

"ನೋಡಿ ಭಾವ, ಲಂಗ ಅಲ್ಲಾಡಿಯೇ ಇಲ್ಲ!"

"ಹೌದಲ್ಲ ಸಾವಂತ್ರವ್ವ," ಎಂದ ರಾಜ. "ಲಂಗ ಹಾರಿಲ್ಲ ಎಂದರೆ ಇದು ಅಪಾಯದ ಗಾಳಿ ಅಲ್ಲ."

"ಹಾಗಾದರೆ ನನ್ನದೇ ತಪ್ಪು ದೊರೆ. ಕೀಲಿಕೈ ಕೊಡ್ತೀನಿ. ಕೊಡೋದೂ ಕೊಡ್ತೀನಿ, ಧಣಿಯವರ ಮೆರವಣಿಗೆಯೂ ಆಗಿಬಿಡಲಿ." ಸಾವಂತ್ರವ್ವ ಮೂಲೆಯಿಂದ ಒಂದು ಪಂಜು ತಂದಳು, ಸೊಂಟದಿಂದ ಬೆಂಕಿಪೊಟ್ಟಣ ತೆಗೆದಳು. "ಪಂಜು ಹಚ್ಚಿಕೊಡ್ತೀನಿ. ಹಿಡಕೊಂಡು ಮೂರು ಸುತ್ತು ಬನ್ನಿ ಧಣಿ."

"ಎಲ್ಲಿಗೆ ಸುತ್ತು?"

"ನಿಮ್ಮ ಮನೆ ಹಿತ್ತಲಿನ ಬಣವೆಗೆ. ಗೀರಲಾ?"

ಭೋಗರಾಜ ಬೆಚ್ಚಿಬಿದ್ದು ಅವಳ ಕೈ ಹಿಡಿದುಕೊಂಡ. "ಏಯ್, ಏಯ್! ನಿನಗೆ ತಲೆ ಕೆಟ್ಟಿದೆಯಾ? ಈ ಗಾಳಿಯಲ್ಲಿ ಬೆಂಕಿ ಹಚ್ಚುತ್ತಾರೇನೇ? ಒಂದು ಕಿಡಿ ಹಾರಿದರೆ ನನ್ನ ಬಣವೆ, ನನ್ನ ಮನೆ, ಎಲ್ಲ ಬೂದಿ!"

"ಯಾವ ಗಾಳಿ ಧಣಿ?" ಎಂದಳು ಸಾವಂತ್ರವ್ವ.

ಭೋಗರಾಜ ಥಟ್ಟನೆ ಅವಳ ಕೈ ಬಿಟ್ಟ. ಬೆಂಕಿಪೊಟ್ಟಣ ಅವನ ಕೈ ತಾಗಿ ಕೆಳಗೆ ಬಿತ್ತು. ಅದರಲ್ಲಿ ಒಂದು ಕಡ್ಡಿಯೂ ಇರಲಿಲ್ಲ.

ರಾಜ ಬಿದಿರು ಇಳಿಸಲು ಹೇಳಿ, ಲಂಗದ ಅಂಚನ್ನು ಮುಟ್ಟಿ ನೋಡಿದ. ಹೊಲಿಗೆ ಜಗ್ಗಿದ. ಕಲ್ಲುಗಳು ಗಳಗಳ ಉದುರಿದವು. ಭೋಗರಾಜನ ಮುಖ ಆ ಕಲ್ಲಿನಷ್ಟೇ ಸಣ್ಣದಾಯಿತು.

"ಇಷ್ಟು ಪುಟ್ಟ ಲಂಗ ಯಾರದು ಸಾವಂತ್ರವ್ವ?" ರಾಜ ಅಂದೇ ಮೊದಲ ಸಲ ಕೇಳಿದ.

"ನನ್ನ ಮಗಳದು ದೊರೆ. ಆವಾಗ ಗಾಳಿ ನೋಡುವವರು ಯಾರೂ ಇರಲಿಲ್ಲ."

ರಾಜ ಕಿರೀಟ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಆಮೇಲೆ ಅಪ್ಪಣೆ ಮಾಡಿದ. ಇನ್ನು ಕೀಲಿಕೈ ಸಾವಂತ್ರವ್ವನದೇ. ಕರೆಂಟು ತೆಗೆಯುವುದು, ಕೊಡುವುದು ಅವಳ ಮಾತಿನಂತೆ. ಕರೆಂಟು ತೆಗೆದ ದಿನವೆಲ್ಲ ಭೋಗರಾಜ ಕರಡಹಟ್ಟಿಗೆ ಹೋಗಬೇಕು, ಅಲ್ಲಿನ ಮುದುಕಿಯರಿಗೆ ಬೀಸಣಿಗೆಯಲ್ಲಿ ಗಾಳಿ ಹಾಕಬೇಕು.

"ಸ್ವಲ್ಪ ಜೋರಾಗಿ ಬೀಸಪ್ಪಾ, ಊರಿಗೆಲ್ಲ ಬೀಸೋ ಗಾಳಿ ನಮಗೆ ಸಾಲದು," ಎಂದು ಮುದುಕಿಯರು ಅವನನ್ನು ಗೋಳುಹೊಯ್ದುಕೊಂಡರಂತೆ.

ಸಾವಂತ್ರವ್ವ ಲಂಗದ ಅಂಚನ್ನು ನೀಟಾಗಿ ಹೊಲಿದು, ಬಿದಿರು ಮತ್ತೆ ನಿಲ್ಲಿಸಿದಳು. ಲಂಗ ಒಂದು ಸಲ ಮುದುಡಿತು, ಕೊಡವಿಕೊಂಡಿತು, ಎದ್ದು ಅಡ್ಡಡ್ಡ ಹಾರಿತು, ಮಗು ಓಡಿದ ಹಾಗೆ.

ಇದರ ನೀತಿ ಇಷ್ಟು ಮಕ್ಕಳೇ. ನಮ್ಮ ಬಣವೆಗೆ ಹೆದರುವಷ್ಟೇ ಇನ್ನೊಬ್ಬರ ಗುಡಿಸಲಿಗೂ ಹೆದರಬೇಕು. ಅವರ ಸೂರು ಉಳಿಯಲಿ ಎಂದು ಒಂದು ಹೊತ್ತು ಸೆಕೆಯಲ್ಲಿ ಕೂತರೆ ಯಾರೂ ಕರಗಿ ಹೋಗುವುದಿಲ್ಲ. ಕತೆ ಅಲ್ಲಿಗೆ ನಿಂತಿತು, ಗಾಳಿ ಇನ್ನೂ ಬೀಸುತ್ತಿದೆ.