ಚೆನ್ನಾಜಮ್ಮನ ಬಿಕ್ಕಳಿಕೆ

ನಗೋರು ಮುಂದೆ ಬಂದು ಕೂತ್ಕೊಳ್ಳಿ, ಆಕಳಿಸೋರು ಗೋಡೆಗೆ ಒರಗಿಕೊಳ್ಳಿ. ಹೇಳ್ತೀನಿ.

ಒಂದೂರಲ್ಲಿ ಚೆನ್ನಾಜಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಬೋರಲಿಂಗ. ಆಳು ನೋಡಿದರೆ ಆರಡಿ. ಬುದ್ಧಿಯನ್ನ ಮಾತ್ರ ಇನ್ನೂ ಯಾರೂ ನೋಡಿರಲಿಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಆ ತಾಯಿಯ ಕರ್ಮ. "ಹಾಲು ಉಕ್ಕಿದಾಗ ಕರಿಯೋ" ಅಂದರೆ ಹಾಲೆಲ್ಲ ಉಕ್ಕಿ, ಒಲೆ ಆರಿ, ಬೂದಿ ತೊಯ್ದ ಮೇಲೆ "ಅವ್ವಾ, ಉಕ್ತು!" ಅಂತ ಕರೆಯೋನು.

ಇಂಥವನ ಮನೆ ನೋಡೋಕೆ ಒಂದು ದಿನ ಹೆಣ್ಣಿನ ಕಡೆಯವರು ಬರೋದಿತ್ತು. ಹಿಂದೆ ಮೂರು ಸಂಬಂಧ ಇವನು ಬಾಯಿ ಬಿಟ್ಟಿದ್ದಕ್ಕೇ ತಪ್ಪಿಹೋಗಿತ್ತು. "ಈ ಸಲ ಮಾತೆಲ್ಲ ನಾನಾಡ್ತೀನಿ ಕಣ್ಲಾ!" ಅಂದಳು ಚೆನ್ನಾಜಮ್ಮ. ಅಂದದ್ದೇ ತಡ, ಅವಳಿಗೆ ಬಿಕ್ಕಳಿಕೆ ಹತ್ತಿಕೊಂಡಿತು. ಹಿಕ್! ನೀರು ಕುಡಿದಳು, ಹಿಕ್! ಸಕ್ಕರೆ ಮುಕ್ಕಿದಳು, ಹಿಕ್! ಒಂದು ಮಾತು ಪೂರಾ ಹೊರಗೆ ಬರದು. ಈ ಸಂಬಂಧವೂ ಹೋಯ್ತಲ್ಲ ದೇವರೇ ಅಂತ ಅವಳಿಗೆ ಅಳುವೇ ಬಂತು.

"ಮಂಚಕ್ಕಜ್ಜೀನ... ಹಿಕ್... ಏನ್ಮಾಡಬೇಕು ಅಂತ ಕೇಳ್ಕಂಡು ಬಾರ್ಲಾ!"

ಓಡಿದ ಬೋರಲಿಂಗ. ಪಕ್ಕದ ಮನೆ ಮಂಚಕ್ಕಜ್ಜಿ ಎಲೆ ಅಡಿಕೆ ಕುಟ್ಟುತ್ತಾ ಅಂದಳು, "ಯಾರೋ ನಿಮ್ಮವ್ವನ್ನ ನೆನೆಸ್ಕತಾವ್ರೆ. ಅದು ಯಾರು ಅಂತ ಗೊತ್ತಾದ್ರೆ ನಿಂತೋಯ್ತದೆ."

ಸರಿ, ಬೋರಲಿಂಗ ಮನೆಮನೆ ಬಾಗಿಲು ತಟ್ಟಿದ. "ನಮ್ಮವ್ವನ್ನ ನೆನೆಸ್ಕತಾ ಇದೀರಾ? ದಯಮಾಡಿ ನೆನೆಸ್ಕಬೇಡಿ!"

ಅಲ್ಲಿವರೆಗೂ ಅವಳ ನೆನಪೇ ಇಲ್ಲದವರಿಗೂ ಈಗ ನೆನಪಾಯಿತು! "ಅಯ್ಯೋ, ನನ್ನ ಜರಡಿ ಅವಳ ಹತ್ರ ಉಳೀತಲ್ಲ!" ಅಂದಳು ಒಬ್ಬಳು. "ಬಾವಿ ಹತ್ರ ಅವಳು ನಂಗೆ ಅಂದ ಮಾತಿಗೆ ಉತ್ರಾನೇ ಕೊಟ್ಟಿಲ್ಲ!" ಅಂದಳು ಇನ್ನೊಬ್ಬಳು. ಇಡೀ ಬೀದಿ ಎದ್ದು ಚೆನ್ನಾಜಮ್ಮನ ಬಾಗಿಲಿಗೆ ಬಂತು. ಅವಳಿಗೆ ಹಿಕ್ ಹಿಕ್ ಹಿಕ್!

ಹೇಗೋ ಎಲ್ಲರನ್ನೂ ಸಾಗಹಾಕಿ ಮಗನಿಗೆ ತಿರುಗಿಕೊಂಡಳು. "ಊರಿಗೆಲ್ಲ ಡಂಗುರ ಹೊಡ್ದ್ಯಲ್ಲೋ ಬೆಪ್ಪೇ! ಇನ್ಮೇಲೆ ಏನು ಮಾಡಿದ್ರೂ ಒಳಗೆ, ಬಾಗ್ಲು ಹಾಕ್ಕಂಡು ಮಾಡು. ಹಿಕ್! ಹೋಗು, ಚೊಂಬಲ್ಲಿ ನೀರು ತಗಾ. ಮೂಗು ಹಿಡ್ಕಂಡು ಏಳು ಗುಟುಕು, ಒಂದೇ ಉಸ್ರಿಗೆ!"

"ಆಗಲಿ ಅವ್ವಾ!" ಬೋರಲಿಂಗ ಅಡುಗೆಮನೆಗೆ ಹೋದ. ಬಾಗಿಲು ಹಾಕಿಕೊಂಡ. ತನ್ನ ಮೂಗು ತಾನು ಹಿಡಿದುಕೊಂಡ. ಗಟಗಟ ಏಳು ಗುಟುಕು ಕುಡಿದ. ಮುಖ ಕೆಂಪಗೆ ಮಾಡಿಕೊಂಡು ಹೊರಗೆ ಬಂದ. "ಕುಡ್ದೆ ಅವ್ವಾ! ಹೋಯ್ತಾ?"

"ಬಿಕ್ಕಳಿಕೆ ನಂಗೆ ಬಂದದೋ ನಿಂಗೆ ಬಂದದೋ?" ಹಣೆ ಚಚ್ಚಿಕೊಂಡಳು ತಾಯಿ. "ಕದ ಹಾಕ್ಕಂಡು ಏನ್ಲಾ ನಿನ್ನ ವೈದ್ಯ? ಹಿಕ್! ಇನ್ಮೇಲೆ ಏನು ಮಾಡಿದ್ರೂ ನನ್ನ ಎದುರಿಗೆ ಮಾಡು, ನಾಲ್ಕು ಜನ ನೋಡಂಗೆ ಮಾಡು! ಹಿಕ್! ಹೋಗು, ಅಜ್ಜೀನ ಇನ್ನೊಂದು ಮದ್ದು ಕೇಳು!"

ಮತ್ತೆ ಓಡಿದ. ಅಜ್ಜಿ ಅವನ ಕಿವಿ ಹತ್ತಿರ ಎಳೆದು ಅಂದಳು, "ಕಳ್ಳತನ ಹೊರ್ಸಿಬಿಡು. ಏನೋ ಕದ್ದೆ ಅಂತ ಇದ್ದಕ್ಕಿದ್ದಂಗೆ ಅಂದ್ರೆ ರೋಷ ಉಕ್ತದೆ. ರೋಷ ಉಕ್ಕಿದ್ರೆ ಬಿಕ್ಕಳಿಕೆ ನಿಲ್ತದೆ."

ಇದು ನಮ್ಮ ಕಡೆ ಎಲ್ಲರೂ ಮಾಡೋ ಮದ್ದೇ. ತಪ್ಪೇನಿಲ್ಲ. ಆದರೆ ನಾಲ್ಕು ಜನ ಬೇಕಲ್ಲ! ಬೋರಲಿಂಗ ಜಗಲಿ ಮೇಲೆ ಕಾಯುತ್ತಾ ಕೂತ. ಒಳಗೆ ಹಿಕ್. ಹೊರಗೆ ಇವನು. ಒಬ್ಬ ಹೋದ, ಸಾಲದು. ಇಬ್ಬರು ಹೋದರು, ಸಾಲದು. ಆಗ ಬಂತು ನೋಡಿ ಎತ್ತಿನ ಗಾಡಿ! ಹೆಣ್ಣಿನ ತಂದೆ ಹಲಗೇಗೌಡ, ಅವನ ಹೆಂಡತಿ, ಸೋದರಮಾವ, ಸೋದರತ್ತೆ. ಸರಿಯಾಗಿ ನಾಲ್ಕು ಜನ! ಬೋರಲಿಂಗನಿಗೆ ಹಿಗ್ಗೋ ಹಿಗ್ಗು.

ಚಾಪೆ ಹಾಸಿದರು, ಕೈಕಾಲಿಗೆ ನೀರು ಕೊಟ್ಟರು. ಚೆನ್ನಾಜಮ್ಮ "ಬನ್ನಿ... ಹಿಕ್... ಕೂತ್ಕ... ಹಿಕ್" ಅನ್ನುವಷ್ಟರಲ್ಲಿ ಮಗ ಮಧ್ಯೆ ಬಂದು ನಿಂತು ಕೂಗಿದ, "ಅವ್ವಾ! ಗುಡಿ ಗಂಟೆ ಕದ್ದವಳು ನೀನೇ!"

ನಾಲ್ಕು ಜನವೂ ಎದ್ದು ನಿಂತರು. ಚೆನ್ನಾಜಮ್ಮನ ಬಿಕ್ಕಳಿಕೆ ಎಲ್ಲಿ ಹೋಯಿತೋ!

"ಅಯ್ಯೋ ಕೂತ್ಕಳಿ ಬೀಗರೇ, ಕೂತ್ಕಳಿ! ಬೆಳಗಿಂದ ಬಿಕ್ಕಳಿಕೆ, ಅದು ನಿಲ್ಲಲಿ ಅಂತ ಮಗ ಹಂಗಂದ. ಬೇಕಾದ್ರೆ ಗುಡೀಲಿ ಗಂಟೆ ನೋಡ್ಕಂಡು ಬನ್ನಿ!" ಅಂತ ಒಂದೇ ಉಸಿರಿಗೆ ಅಂದು ಮಗನ ಕಡೆ ತಿರುಗಿದಳು. "ಹಂಗೆ ಹೇಳಿದ ಮೇಲೆ 'ಸುಮ್ನೆ ಅಂದೆ, ಸುಳ್ಳು' ಅಂತ ಕೊನೇಲಿ ಸೇರಿಸ್ಬೇಕು ಕಣ್ಲಾ ಬಡ್ಡಿಮಗನೇ!"

ಬೀಗರು ನಕ್ಕು ಕೂತರು. ಹಲಗೇಗೌಡ ಕೇಳಿದ, "ಊಟ ಆಯ್ತೇನಪ್ಪಾ?"

"ಆಯ್ತು. ಸುಮ್ನೆ ಅಂದೆ, ಸುಳ್ಳು."

"ಹಸ ಎಷ್ಟವೆ?"

"ಎರಡು. ಸುಮ್ನೆ ಅಂದೆ, ಸುಳ್ಳು."

ಕೊಟ್ಟಿಗೆಯಲ್ಲಿ ಎರಡೂ ಹಸ ಇವನನ್ನೇ ನೋಡುತ್ತಿದ್ದವು. ಚೆನ್ನಾಜಮ್ಮ ಬೇಗ ಬೇಗ ಹಣ್ಣಿನ ತಟ್ಟೆ ತಂದಿಟ್ಟಳು. ಅಷ್ಟರಲ್ಲಿ ಹಲಗೇಗೌಡ ಕೇಳೇಬಿಟ್ಟ, "ನನ್ನ ಮಗಳನ್ನ ಚೆನ್ನಾಗಿ ನೋಡ್ಕತೀಯಾ?"

"ನೋಡ್ಕತೀನಿ ಮಾವ. ಸುಮ್..."

ತಾಯಿ ತಟ್ಟೆಯಲ್ಲಿದ್ದ ಬಾಳೆಹಣ್ಣು ಇಡಿಯಾಗಿ ಅವನ ಬಾಯಿಗೆ ತುರುಕಿದಳು. "ನಾಚ್ಕೆ ಮಗೀಗೆ!" ಅಂದಳು. ಬೀಗರು "ಹೇಳಿ ಕಳಿಸ್ತೀವಿ" ಅಂತ ಎದ್ದು ಗಾಡಿ ಹತ್ತಿದರು. ಹಂಗಂದು ಹೋದವರು ಮತ್ತೆ ಹೇಳಿ ಕಳಿಸಿದ್ದನ್ನ ಚೆನ್ನಾಜಮ್ಮ ಕಂಡಿರಲಿಲ್ಲ. ಹೊಸಿಲ ಮೇಲೆ ಕುಸಿದು ಕೂತಳು.

ಬೋರಲಿಂಗ ಹಣ್ಣು ನುಂಗಿದ. ಮಾತು ಅರ್ಧಕ್ಕೇ ನಿಂತಿತ್ತಲ್ಲ! ಗಾಡಿ ಹಿಂದೆ ಓಡಿದ. ಊರ ಬಾಗಿಲಲ್ಲಿ ಅಡ್ಡ ನಿಂತು ಏದುಸಿರು ಬಿಡುತ್ತಾ ಕೂಗಿದ, "ಮಾವಾ! ನೋಡ್ಕತೀನಿ ಅಂದ್ನಲ್ಲ, ಸುಮ್ನೆ ಅಂದೆ, ಸುಳ್ಳು!"

ಹಲಗೇಗೌಡ ಹಗ್ಗ ಜಗ್ಗಿ ಗಾಡಿ ನಿಲ್ಲಿಸಿದ. ಅವನ ಹೆಂಡತಿ ಮಾತ್ರ ಸೆರಗಲ್ಲಿ ಕಣ್ಣೊರೆಸಿಕೊಂಡು ನಕ್ಕಳು. "ಅವ್ವ ಹೇಳಿದ್ದನ್ನ ಒಂದಕ್ಷರ ಬಿಡದೆ ಮಾಡ್ತಾನೆ ಕಣ್ರೀ. ಹೇಳಿದ್ದು ಕೇಳೋ ಗಂಡು ಇನ್ನೆಲ್ಲಿ ಸಿಕ್ತಾನೆ? ಹೇಳೋಕೆ ನಮ್ಮ ಮಗಳು ಸಣ್ಣತಾಯಿ ಗಟ್ಟಿಯಾಗವಳೆ!"

ಹಲಗೇಗೌಡ ಯೋಚಿಸಿದ. ನಕ್ಕ. "ಹೋಗಪ್ಪಾ, ನಮಗೆ ಒಪ್ಪಿಗೆ ಅಂತ ನಿಮ್ಮವ್ವಂಗೆ ಹೇಳು."

ಬೋರಲಿಂಗ ಬಂದ ದಾರಿಯಲ್ಲೇ ಓಡಿದ. ಹೊಸಿಲಲ್ಲಿ ಕೂತಿದ್ದ ತಾಯಿ ಎದ್ದು ನಿಂತಳು. "ಏನಂದ್ರೋ ಮಗಾ?"

"ಅವ್ವಾ, ಸಂಬಂಧ ಒಪ್ಪಿಗೆಯಂತೆ!"

ಚೆನ್ನಾಜಮ್ಮ ಎರಡೂ ಕೈ ಮೇಲೆತ್ತಿ ದೇವರಿಗೆ ಮುಗಿದಳು. ಕಣ್ಣಲ್ಲಿ ನೀರು ಬಂತು. ಮಗನನ್ನ ಬಾಚಿ ತಬ್ಬಿಕೊಂಡಳು. ಅವನು ಅವಳ ಕಿವಿಯಲ್ಲೇ ಅಂದ:

"ಸುಮ್ನೆ ಅಂದೆ, ಸುಳ್ಳು!"