ಬುಟ್ಟಿಯಡಿಯ ಸಸಿ

ನವರಾತ್ರಿಯ ಒಂಬತ್ತನೆಯ ದಿನ ಬೆಳಿಗ್ಗೆ ಚಂಪಕ ಬಿದಿರು ಬುಟ್ಟಿ ಎತ್ತಿ ನೋಡಿದಳು. ಒಳಗೆ ತಟ್ಟೆಯಲ್ಲಿ ಬಿತ್ತಿದ ನವಧಾನ್ಯ ಗೇಣುದ್ದ ಬೆಳೆದಿತ್ತು, ಆದರೆ ಒಂದೆಲೆಯೂ ಹಸಿರಿಲ್ಲ. ಎಲ್ಲ ಪೇಲವ ಹಳದಿ.

ಆ ಆಶ್ರಮದಲ್ಲಿ ಸಸಿ ಬೆಳೆಸುವುದು ಹೊಸ ಶಿಷ್ಯರ ಪಾಲು. ಒಂಬತ್ತನೆಯ ಸಂಜೆ ಅದನ್ನು ಸಭೆಯ ಮುಂದಿಟ್ಟು ಅವರೇ ಮೊದಲ ಪ್ರವಚನ ಮಾಡಬೇಕು. ಅಳಿಲು ತಿಂದೀತು, ಯಾರಾದರೂ ನೋಡಿ ನಕ್ಕಾರು ಎಂದು ಹೆದರಿ ಚಂಪಕ ಅಷ್ಟೂ ದಿನ ಬುಟ್ಟಿ ಮುಚ್ಚಿಯೇ ಇಟ್ಟಿದ್ದಳು. ನೀರು ಹಾಕಿದ್ದೂ ಸಂದಿಯಿಂದಲೇ.

ಈಗ ಏನು ಮಾಡುವುದು? ಬಸಳೆ ಎಲೆ ಅರೆದು, ಹತ್ತಿಯನ್ನು ರಸದಲ್ಲಿ ಅದ್ದಿ, ಒಂದೊಂದೇ ಎಲೆಗೆ ಬಳಿಯತೊಡಗಿದಳು.

ಗುರು ವಿಶ್ವಂಭರರು ಬಾಗಿಲಲ್ಲಿ ನಿಂತಿದ್ದರು. ಸನ್ಯಾಸಕ್ಕೆ ಮೊದಲು ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರು.

"ಏನಮ್ಮಾ, ಕೈಯೆಲ್ಲ ಹಸಿರು?"

ಚಂಪಕ ಅತ್ತೇಬಿಟ್ಟಳು. "ಸಸಿ ಸತ್ತು ಹೋಗ್ತಿದೆ ಗುರುಗಳೇ."

"ಸಂಜೆಯ ಪ್ರವಚನ?"

"ನಿಮ್ಮ ಹೋದ ವರ್ಷದ್ದನ್ನೇ ಬಾಯಿಪಾಠ ಮಾಡಿದ್ದೀನಿ."

"ಓ, ಅಲ್ಲೂ ಬಳಿದಿದ್ದೀಯ."

ಅವರು ಚೊಂಬಿನ ನೀರು ಸುರಿದು ಎಲೆಗಳನ್ನು ತೊಳೆದರು. ತಟ್ಟೆಯನ್ನು ಅಂಗಳದ ಬಿಸಿಲಿಗೆ ತಂದಿಟ್ಟರು.

"ಬಾಡಿಹೋಗುತ್ತೆ!" ಎಂದಳು ಚಂಪಕ.

"ಹಸಿರಿಗೆ ಬೇಕಾದದ್ದೆಲ್ಲ ಎಲೆಯೊಳಗೇ ತಯಾರಿದೆ. ಒಂದು ಹೆಜ್ಜೆ ಬಾಕಿ. ಅದನ್ನು ಮಾಡೋಕೆ ಒಂದು ಕಿಣ್ವ ಇದೆ. ಅದು ಪತ್ರಹರಿತ್ತು ಆಗಬೇಕಾದ ಅಣುವನ್ನು ಹಿಡ್ಕೊಂಡು ಕತ್ತಲಲ್ಲಿ ಸುಮ್ಮನೆ ಕೂತಿರುತ್ತೆ."

"ಯಾಕೆ ಸುಮ್ಮನೆ?"

"ಬೆಳಕು ಬೀಳದೆ ಅದರ ಕೈ ಓಡೋದಿಲ್ಲ. ಬಿದ್ದರೆ ಆ ಕ್ಷಣವೇ ಕೆಲಸ ಶುರು. ಆಮೇಲೆ ಸಸಿ ತನ್ನ ಅನ್ನ ತಾನೇ ಮಾಡ್ಕೊಳ್ಳುತ್ತೆ. ನಿನ್ನ ಬಸಳೆ ರಸದಿಂದ ಒಂದು ಅಗುಳೂ ಆಗ್ತಿರಲಿಲ್ಲ."

ಚಂಪಕಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಗಳಿಗೆಗೊಮ್ಮೆ ಹೋಗಿ ಬಗ್ಗಿ ನೋಡಿದಳು. ಹಳದಿ. ಮತ್ತೆ ಹಳದಿ.

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ತುದಿಗಳಲ್ಲಿ ತೆಳ್ಳಗೆ ಹಸಿರು ಕಂಡಿತು. ಸಂಜೆಗೆ ಅದು ಬುಡದವರೆಗೂ ಇಳಿದಿತ್ತು.

ಸಭಾಮಂಟಪ ತುಂಬಿತು. ಚಂಪಕ ತಟ್ಟೆ ಹಿಡಿದು ಬಂದಳು. ಬಾಯಿಪಾಠ ಮಾಡಿದ್ದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. ಅವಳು ಕಂಬದ ಹಿಂದೆ ಸರಿದು ನಿಂತಳು. ಗುರುಗಳು ಬಳಿಗೆ ಬಂದರು.

"ಗುರುಗಳೇ, ಸಸಿಯೊಳಗೆ ಕಿಣ್ವ ಇತ್ತು. ನನ್ನೊಳಗೆ ಏನೂ ಇಲ್ಲದಿದ್ದರೆ?"

"ಅದು ಬುಟ್ಟಿಯಡಿ ಕೂತರೆ ಗೊತ್ತಾಗೋದಿಲ್ಲ ತಾಯಿ. ನಡಿ, ಜನ ಕಾಯ್ತಿದ್ದಾರೆ."